ತಿಂಡಿ ಪಾಕೆಟ್ಟಿನ ಕಾಗದದ ಆಟಿಕೆ: ಹುಡುಕುವುದು, ಕಾಲ ಗುರುತಿಸುವುದು, ಕೆಡದಂತೆ ಇಡುವುದು

ದಸರೆ ಗೊಂಬೆ ಇಳಿಸುವ ಕಾಲ ಬಂತೆಂದರೆ ಓದುಗರಿಂದ ಒಂದೇ ಥರದ ಪ್ರಶ್ನೆಗಳು ಬರತೊಡಗುತ್ತವೆ. ಅಟ್ಟದ ಟ್ರಂಕಿನಲ್ಲಿ ಬಬಲ್ ಗಮ್ ಚೀಟಿಗಳ ಕಟ್ಟು ಸಿಕ್ಕಿದೆ, ಏನು ಮಾಡಲಿ? ಚಿಪ್ಸ್ ಪಾಕೆಟ್ಟಿನ ಟ್ಯಾಜೊ ಎಂಬ ದುಂಡು ಬಿಲ್ಲೆಗಳಿವೆ, ಲ್ಯಾಮಿನೇಶನ್ ಮಾಡಿಸಿಬಿಡಲೇ? ಇವು ಯಾವ ಇಸವಿಯವು? ಬೆಲೆ ಬರುತ್ತದೆಯೇ? ಲ್ಯಾಮಿನೇಶನ್ ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡುತ್ತೇವೆ: ಬೇಡವೇ ಬೇಡ. ಬಿಸಿಗೆ ಕರಗಿ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಹರಿಯದಂತೆ ಬಿಡಿಸಲು ಆಗುವುದಿಲ್ಲ. ಉಳಿದ ಪ್ರಶ್ನೆಗಳಿಗೆ ಹಂತಹಂತವಾಗಿ ಬರೋಣ.

ಇಲ್ಲಿ ಹೇಳುತ್ತಿರುವುದು ತಿಂಡಿ ಪಾಕೆಟ್ಟಿನ ಒಳಗೆ ಅಥವಾ ಅದಕ್ಕೆ ಅಂಟಿಕೊಂಡು ಉಚಿತವಾಗಿ ಬಂದ, ಕಾಗದ ಇಲ್ಲವೇ ರಟ್ಟಿನ ವಸ್ತುಗಳ ಬಗ್ಗೆ: ಬಬಲ್ ಗಮ್ಮಿನ ಕ್ರಿಕೆಟ್ ಚೀಟಿ, ಸ್ಟಿಕ್ಕರ್, ಒದ್ದೆ ಮಾಡಿ ಕೈಗೆ ಒತ್ತಿಕೊಳ್ಳುವ ಹಚ್ಚೆ, ಸರಸರ ಹಾಳೆ ಬಿಟ್ಟರೆ ಚಿತ್ರ ಓಡುವಂತೆ ಕಾಣುವ ಫ್ಲಿಪ್ ಬುಕ್, ಕತ್ತರಿಸಿ ಕಟ್ಟಿಕೊಳ್ಳುವ ಮುಖವಾಡ, ಪುಟಾಣಿ ಹಾವು–ಏಣಿ ಪಟ, ಚಿಪ್ಸಿನ ಜತೆ ಬರುತ್ತಿದ್ದ ದುಂಡನೆಯ ಟ್ಯಾಜೊ. ಟ್ಯಾಜೊಗಳಲ್ಲಿ ಪ್ಲಾಸ್ಟಿಕ್ಕಿನವೂ ಇವೆ. ಅವನ್ನು ಜೋಪಾನ ಮಾಡುವ ಬಗೆ ಬೇರೆ, ಇಲ್ಲಿ ಬಿಟ್ಟಿದ್ದೇವೆ. ನಂಜನಗೂಡು, ಮೇಲುಕೋಟೆ ಜಾತ್ರೆಗಳಲ್ಲಿ ಕೊಳ್ಳುವ ಕಾಗದದ ಗಿರಗಟ್ಟೆ, ಪೀಪಿ ಕೂಡ ಚೆಂದವೇ. ಆದರೆ ಅವು ದುಡ್ಡು ಕೊಟ್ಟು ಕೊಂಡ ಆಟಿಕೆ, ಈ ಲೆಕ್ಕಕ್ಕೆ ಬರುವುದಿಲ್ಲ.

ಈ ಉಡುಗೊರೆಯ ಪದ್ಧತಿಗೆ ಹೆಸರಾದದ್ದು ಅಮೆರಿಕದ ಕ್ರ್ಯಾಕರ್ ಜ್ಯಾಕ್. ಪಾಪ್‌ಕಾರ್ನ್, ಕಡಲೆಕಾಯಿಗೆ ಪಾಕ ಹಿಡಿಸಿದ ತಿಂಡಿ ಅದು. 1912ರಿಂದ ಪ್ರತಿ ಪೆಟ್ಟಿಗೆಯಲ್ಲೂ ಒಂದು ಉಡುಗೊರೆ ಇಡಲು ಶುರು ಮಾಡಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಲೋಹದ ಆಟಿಕೆ ಸಿಗದೆ ಕಾಗದದವೇ ಹೆಚ್ಚಾದವು. 2016ರಲ್ಲಿ ಆಟಿಕೆ ನಿಲ್ಲಿಸಿ ಮೊಬೈಲಿನಲ್ಲಿ ಆಡುವ ಆಟದ ಸಂಕೇತ ಮುದ್ರಿಸಿದರು. ನಮ್ಮ ಕಡೆ ಸಿಗುವ ಸರಕು ಬಹುಪಾಲು 1980ರ ದಶಕದ ನಂತರದ್ದು. ಬಿಗ್ ಫನ್ ಬಬಲ್ ಗಮ್ಮಿನ ರನ್ನು–ವಿಕೆಟ್ಟಿನ ಚೀಟಿಗಳು, ಬೂಮರ್ ಸ್ಟಿಕ್ಕರು, ಚೀಟೋಸ್ ಟ್ಯಾಜೊ, ಜತೆಗೆ ಹೆಸರೂ ವಿಳಾಸವೂ ಇಲ್ಲದ ಬೋಟಿ ಪಾಕೆಟ್ಟುಗಳ ಚೀಟಿಗಳು.

ಬೇಕಾಗುವ ಸಾಮಾನು

ಪಟ್ಟಿ ದೊಡ್ಡದಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಡಚುವ ಭೂತಗನ್ನಡಿ, ಒಡವೆ ಅಂಗಡಿಯವರು ಕಣ್ಣಿಗೆ ಹಿಡಿಯುವಂಥದ್ದು. ತುದಿ ಚಪ್ಪಟೆಯಾಗಿರುವ ಚಿಮುಟ. ಅಂಚೆಚೀಟಿ ಸಂಗ್ರಹಿಸುವವರು ಬಳಸುವುದೇ ಸರಿ, ಚೂಪು ತುದಿಯದ್ದು ಬೇಡ. ಮೆತ್ತನೆ ಕೂದಲಿನ 6ನೇ ನಂಬರಿನ ಚಿತ್ರಕಲೆ ಬ್ರಷ್. 2ಬಿ ಪೆನ್ಸಿಲ್. ಹಳೆಯ ಜಿಪ್ ಕವರುಗಳಲ್ಲ, ಹೊಸವು. ತೇವಾಂಶ ತೋರಿಸುವ ಪುಟ್ಟ ಮಾಪಕ, ಗಾಳಿಯಾಡದಂತೆ ಮುಚ್ಚುವ 5 ಲೀಟರಿನ ಡಬ್ಬಿ, 25 ಗ್ರಾಮಿನ ಎರಡು ಸಿಲಿಕಾ ಜೆಲ್ ಪೊಟ್ಟಣ. ಸಿಲಿಕಾ ಜೆಲ್ ಎಂದರೆ ಗಾಳಿಯ ತೇವ ಹೀರುವ ಹರಳು. ಹೊಸ ಷೂ ಡಬ್ಬಿಯಲ್ಲಿ ಸಿಗುವುದು ಅದೇ, ಆದರೆ ಅದರ ಶಕ್ತಿ ಎಂದೋ ಮುಗಿದಿರುತ್ತದೆ.

ಆಲ್ಬಂ ಹಾಳೆ ಕೊಳ್ಳುವಾಗ ಮಾತ್ರ ಜಾಗ್ರತೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹಾಳೆ ಸರಿ, ಪಿ.ವಿ.ಸಿ. ಸಲ್ಲದು. ಪಿ.ವಿ.ಸಿ.ಯನ್ನು ಮೆತ್ತಗಾಗಿಸಲು ಸೇರಿಸಿದ ಎಣ್ಣೆಯಂಥ ಪದಾರ್ಥ ವರ್ಷಗಳು ಕಳೆದಂತೆ ಹೊರಗೆ ಜಿನುಗಿ, ಶಾಯಿಯನ್ನು ಎಬ್ಬಿಸಿ ಹಾಳೆಗೆ ಅಂಟಿಸಿಕೊಳ್ಳುತ್ತದೆ. ಮೈಸೂರಿನ ದೇವರಾಜ ಅರಸು ರಸ್ತೆಯ ಅಂಗಡಿಯಾಗಲಿ, ಮಂಡ್ಯದ ಸ್ಟೇಷನರಿ ಅಂಗಡಿಯಾಗಲಿ, ಪಾಕೆಟ್ಟಿನ ಮೇಲೆ ಏನೂ ಬರೆದಿಲ್ಲದಿದ್ದರೆ ಮೂಗಿನ ಹತ್ತಿರ ಹಿಡಿದು ನೋಡಿ. ಹೊಸ ರೇನ್‌ಕೋಟಿನ ವಾಸನೆ ಬಂದರೆ ವಾಪಸ್ ಇಡಿ. ಅಗ್ಗದ ನಾಣ್ಯದ ಆಲ್ಬಂಗಳಲ್ಲಿ ಪಿ.ವಿ.ಸಿ. ಹಾಳೆಯೇ ಹೆಚ್ಚು. ಟ್ಯಾಜೊ ಅದರಲ್ಲಿ ಸರಿಯಾಗಿ ಕೂರುತ್ತದೆ ಎಂದು ಕೊಂಡವರು ಬಹಳ ಜನ.

1. ಏನು ಕೂಡಿಸಬೇಕೆಂದು ಮೊದಲು ಗೊತ್ತು ಮಾಡಿಕೊಳ್ಳಿ

ಸಿಕ್ಕಿದ್ದೆಲ್ಲ ಕೂಡಿಸಿದರೆ ಆರು ತಿಂಗಳಲ್ಲಿ ಮನೆಯಲ್ಲೇ ಒಂದು ರದ್ದಿ ಅಂಗಡಿ ಆಗುತ್ತದೆ. ಒಂದು ಎಳೆ ಹಿಡಿಯಿರಿ: ಕ್ರಿಕೆಟ್ ಚೀಟಿ ಮಾತ್ರ, ಅಥವಾ ಕನ್ನಡ ಅಕ್ಷರ ಮುದ್ರಿಸಿರುವುದು ಮಾತ್ರ, ಅಥವಾ ಊರಿನ ಸಣ್ಣ ತಯಾರಕರ ಪಾಕೆಟ್ಟಿನದು ಮಾತ್ರ. ಕೊನೆಯದು ಅಗ್ಗ, ಆದರೆ ಹುಡುಕುವುದು ಕಷ್ಟ; ನಮ್ಮ ಮಟ್ಟಿಗೆ ಅದೇ ಹೆಚ್ಚು ರುಚಿಯ ದಾರಿ. ದೊಡ್ಡ ಕಂಪನಿಯ ಟ್ಯಾಜೊ ದೇಶದ ತುಂಬ ಹರಡಿದೆ, ಅದನ್ನು ಎತ್ತಿಟ್ಟವರೂ ಬೇಕಾದಷ್ಟಿದ್ದಾರೆ. ಬನ್ನೂರಿಗೋ ಮದ್ದೂರಿಗೋ ಮಾತ್ರ ಹೋಗುತ್ತಿದ್ದ ಬೋಟಿ ಪಾಕೆಟ್ಟಿನ ಚೀಟಿಯನ್ನು ಯಾರೂ ಎತ್ತಿಟ್ಟಿಲ್ಲ.

2. ಸಿಗುವ ಜಾಗ, ಸಿಗುವ ಕಾಲ

ಜಾಗಕ್ಕಿಂತ ಕಾಲ ಮುಖ್ಯ. ಯುಗಾದಿಗೆ ಮೊದಲು ಮನೆಗೆ ಸುಣ್ಣಬಣ್ಣ ಆಗುತ್ತದೆ, ಅಟ್ಟ ಖಾಲಿಯಾಗುತ್ತದೆ. ಪರೀಕ್ಷೆ ಮುಗಿದು ಏಪ್ರಿಲ್–ಮೇನಲ್ಲಿ ಹಳೆಯ ನೋಟ್ ಬುಕ್ಕುಗಳು ತೂಕಕ್ಕೆ ಹೋಗುತ್ತವೆ. ಆಯುಧಪೂಜೆಗೆ ಮುಂಚಿನ ವಾರ ಅಂಗಡಿ, ಪ್ರೆಸ್ಸು, ಗೋದಾಮುಗಳ ಮೂಲೆಮೂಲೆ ಗುಡಿಸುತ್ತಾರೆ. ಈ ಮೂರು ಹೊತ್ತಿನಲ್ಲಿ ಗುಜರಿಯವರ ಹತ್ತಿರ ಹೋದರೆ ಕೈಗೆ ಏನಾದರೂ ಹತ್ತುತ್ತದೆ. ಶ್ರಾವಣದ ಮಳೆಯಲ್ಲಿ ಹೋದರೆ ಒದ್ದೆ ರಟ್ಟು ಸಿಗುತ್ತದೆ, ಅಷ್ಟೇ.

ಮೈಸೂರಿನಲ್ಲಿ ಸಂತೆಪೇಟೆ, ಮಂಡಿ ಮೊಹಲ್ಲಾ, ಶಿವರಾಂಪೇಟೆಯ ಹಳೇ ಅಂಗಡಿಗಳು. ಮಂಡ್ಯದಲ್ಲಿ ಪೇಟೆ ಬೀದಿ. ಕೇಳಬೇಕಾದ್ದು ಎರಡು ತಲೆಮಾರಿನಿಂದ ನಡೆಯುತ್ತಿರುವ ಮಿಠಾಯಿ–ಬಿಸ್ಕತ್ತಿನ ಸಗಟು ಅಂಗಡಿಗಳಲ್ಲಿ. ಮಾರಾಟವಾಗದೆ ಉಳಿದ ಸರಕಿಗೆ ಅವರು ಡೆಡ್ ಸ್ಟಾಕ್ ಅನ್ನುತ್ತಾರೆ. ‘ವಿಂಟೇಜ್’, ‘ಆ್ಯಂಟಿಕ್’ ಎಂಬ ಮಾತೇ ಎತ್ತಬೇಡಿ, ಎತ್ತಿದ ಕೂಡಲೇ ಬೆಲೆಯೂ ಏರುತ್ತದೆ. “ಯಜಮಾನ್ರೇ, ಮೊದಲು ಬಬಲ್ ಗಮ್ ಡಬ್ಬಿ ಜತೆ ಚೀಟಿ, ಸ್ಟಿಕ್ಕರ್ ಬರ್ತಿತ್ತಲ್ಲ, ಎಲ್ಲಾದ್ರೂ ಉಳ್ಕೊಂಡಿದ್ಯಾ?” ಅಂದರೆ ಸಾಕು. ವ್ಯಾಪಾರದ ಹೊತ್ತು ಬೇಡ; ಮಧ್ಯಾಹ್ನ ಮೂರರ ಸುಮಾರಿಗೆ ಹೋಗಿ, ಏನಾದರೂ ಸಾಮಾನು ಕೊಂಡು ಆಮೇಲೆ ಕೇಳಿ.

ಮನೆಗಳಲ್ಲಿ ಸಿಗುವ ಜಾಗ ಮೂರು: ಜಾಮೆಟ್ರಿ ಬಾಕ್ಸಿನ ತಳ, ಹಳೆಯ ನೋಟ್ ಬುಕ್ಕಿನ ರಟ್ಟಿನ ಒಳಮೈ, ಗೊಂಬೆ ಪೆಟ್ಟಿಗೆ. ಮೈಸೂರು ಕಡೆ ಪಟ್ಟದ ಗೊಂಬೆಯ ಕೆಳಗಿನ ಮೆಟ್ಟಿಲಲ್ಲಿ ಮಕ್ಕಳು ತಮ್ಮ ಚಿಕ್ಕಪುಟ್ಟ ಆಟಿಕೆಯನ್ನೂ ಇಡುವುದುಂಟು. ಹಬ್ಬ ಮುಗಿದ ಮೇಲೆ ಅವೂ ಗೊಂಬೆಯ ಜತೆಗೇ ಟ್ರಂಕು ಸೇರುತ್ತವೆ. ಅಜ್ಜಿಯೋ ಅತ್ತೆಯೋ ಗೊಂಬೆ ಬಿಚ್ಚುವಾಗ ಪಕ್ಕದಲ್ಲಿ ಕೂತು ನೆರವಾಗಿ, ಸುತ್ತಿದ ಕಾಗದವನ್ನು ಉಂಡೆ ಮಾಡಿ ಬಿಸಾಡಲು ಬಿಡಬೇಡಿ. ಒಳಗೆ ಚೀಟಿ ಇರಬಹುದು.

3. ಸಿಕ್ಕ ಜಾಗದಲ್ಲೇ ಬರೆದುಕೊಳ್ಳಿ

ಈ ಹಂತವನ್ನು ಮುಕ್ಕಾಲು ಜನ ಬಿಟ್ಟುಬಿಡುತ್ತಾರೆ, ಸಂಗ್ರಹ ಬಡವಾಗುವುದೂ ಇಲ್ಲೇ. ಇಂಥ ಚೀಟಿಯ ಮೇಲೆ ಇಸವಿ ಇರುವುದು ತೀರ ಅಪರೂಪ. ಅದು ಯಾವ ಪಾಕೆಟ್ಟಿನದು, ಯಾವ ಊರಲ್ಲಿ, ಯಾವುದರ ಜತೆ ಸಿಕ್ಕಿತು ಎಂಬುದು ತಪ್ಪಿಹೋದರೆ ಆಮೇಲೆ ಪತ್ತೆ ಮಾಡಲು ದಾರಿಯೇ ಇಲ್ಲ. ಕೈ ಹಾಕುವ ಮೊದಲು ಪೆಟ್ಟಿಗೆ ಹೇಗಿತ್ತೋ ಹಾಗೇ ಒಂದು ಫೋಟೊ ತೆಗೆಯಿರಿ. ಕಾಗದದ ಕವರಿನ ಮೇಲೆ ಪೆನ್ಸಿಲಿನಲ್ಲಿ ದಿನಾಂಕ, ಊರು, ಯಾರ ಮನೆ ಅಥವಾ ಯಾವ ಬಗೆಯ ಅಂಗಡಿ, ಪಕ್ಕದಲ್ಲಿದ್ದ ವಸ್ತು, ಕೊಟ್ಟ ಹಣ ಬರೆಯಿರಿ. ಮೊದಲು ಬರೆದು ಆಮೇಲೆ ಒಳಗೆ ಹಾಕಿ; ಹಾಕಿದ ಮೇಲೆ ಬರೆದರೆ ಪೆನ್ಸಿಲಿನ ಗೀರು ಚೀಟಿಯ ಮೇಲೂ ಮೂಡುತ್ತದೆ.

ಪಾಕೆಟ್ಟು ಜತೆಗಿದ್ದರೆ ಅದನ್ನೂ ತನ್ನಿ. ಹರಿದಿದ್ದರೂ, ಜಿಡ್ಡಾಗಿದ್ದರೂ ಸರಿ. ಸ್ಟಿಕ್ಕರನ್ನು ಹಿಂದಿನ ಹಾಳೆಯಿಂದ ಎಬ್ಬಿಸಬೇಡಿ, ಕಂಪನಿ ಹೆಸರು ಮತ್ತು ಸರಣಿ ಸಂಖ್ಯೆ ಹೆಚ್ಚಾಗಿ ಆ ಹಾಳೆಯ ಮೇಲೇ ಇರುತ್ತದೆ.

4. ಮನೆಯೊಳಗೆ ತರುವ ಮೊದಲು

ಗುಜರಿಯ ಕಾಗದದ ಜತೆ ಜಿರಲೆ ಮೊಟ್ಟೆ, ಗೆದ್ದಲು, ಪುಸ್ತಕ ಕೊರೆಯುವ ಬೆಳ್ಳಿ ಬಣ್ಣದ ಹುಳು ಎಲ್ಲವೂ ಬರುತ್ತವೆ. ಬಬಲ್ ಗಮ್ ಚೀಟಿಗೆ ಅಂಟಿದ ಸಕ್ಕರೆ ಪುಡಿಗೆ ಇರುವೆ ಸೇರುತ್ತದೆ. ತಂದದ್ದನ್ನು ನೇರವಾಗಿ ಆಲ್ಬಮ್ಮಿಗೆ ಸೇರಿಸದೆ ಬೇರೆ ಡಬ್ಬಿಯಲ್ಲಿ ಎರಡು ವಾರ ಇಡಿ. ತಳದಲ್ಲಿ ಬಿಳಿ ಹಾಳೆ ಹಾಸಿರಿ. ಹೊಸದಾಗಿ ಪುಡಿ ಉದುರಿದ್ದರೆ ಹುಳು ಇನ್ನೂ ಬದುಕಿದೆ.

ಹುಳು ಇದ್ದರೆ ಫ್ರೀಜರ್ ಸಾಕು, ಔಷಧಿ ಬೇಡ. ಒಣಗಿದ ಚೀಟಿಯನ್ನು ಎರಡು ಜಿಪ್ ಕವರಿನಲ್ಲಿ, ಒಂದರೊಳಗೊಂದು, ಗಾಳಿ ಒತ್ತಿ ತೆಗೆದು ಮುಚ್ಚಿ. ಮನೆಯ ಫ್ರೀಜರ್ ಸುಮಾರು ಮೈನಸ್ 18 ಡಿಗ್ರಿ ಇರುತ್ತದೆ, ಅದರಲ್ಲಿ ಎರಡು ವಾರ ಬೇಕು. ಹೊರಗೆ ತೆಗೆದ ಮೇಲೆ 24 ಗಂಟೆ ಕವರು ತೆರೆಯಬೇಡಿ. ತೆರೆದರೆ ತಣ್ಣಗಿರುವ ಕಾಗದದ ಮೇಲೆ ಹೊರಗಿನ ತೇವ ಹನಿಗಟ್ಟುತ್ತದೆ. ನುಸಿಗುಳಿಗೆ ಹಾಕಿ ಮುಚ್ಚಿಡುವುದು ನಮ್ಮಲ್ಲಿ ಹಳೆಯ ಅಭ್ಯಾಸ, ಬಿಟ್ಟುಬಿಡಿ. ಅದರ ವಾಸನೆ ಕಾಗದದಿಂದ ಹೋಗುವುದಿಲ್ಲ, ಕೆಲವು ಪ್ಲಾಸ್ಟಿಕ್ಕನ್ನೂ ಅದು ಮೆತ್ತಗೆ ಮಾಡುತ್ತದೆ.

5. ಬಿಡಿಸುವುದು, ಒರೆಸುವುದು

ಅಂಗಡಿಯ ಹಳೇ ಸರಕು ಸಿಗುವುದು ಸಾಮಾನ್ಯವಾಗಿ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳಲ್ಲಿ. ರಬ್ಬರು ಮೊದಲು ಜಿಗುಟಾಗುತ್ತದೆ, ಆಮೇಲೆ ಗಟ್ಟಿಯಾಗಿ ಚೂರಾಗುತ್ತದೆ. ಗಟ್ಟಿಯಾಗಿದ್ದರೆ ಚಿಮುಟದಿಂದ ಚೂರು ಚೂರಾಗಿ ಮುರಿದು ತೆಗೆಯಿರಿ. ಚೀಟಿಯ ಅಂಚಿಗೆ ಅಂಟಿದ ಕಂದು ಗೆರೆಯನ್ನು ಕೆರೆಯಬೇಡಿ, ಅದು ಉಳಿಯಲಿ. ಇನ್ನೂ ಜಿಗುಟಾಗಿದ್ದರೆ ಎಳೆಯಬಾರದು. ಎಳೆದರೆ ಮೇಲಿನ ಚೀಟಿಯ ಬಣ್ಣ ರಬ್ಬರಿನ ಜತೆ ಬರುತ್ತದೆ. ಬ್ಯಾಂಡನ್ನು ಎರಡು ಕಡೆ ಕತ್ತರಿಸಿ, ಅಂಟಿದ ಭಾಗವನ್ನು ಹಾಗೇ ಬಿಟ್ಟು, ಕಟ್ಟನ್ನು ಜಿಪ್ ಕವರಿನಲ್ಲಿ ಹಾಕಿ ಒಂದೆರಡು ಗಂಟೆ ಫ್ರಿಜ್ಜಿನಲ್ಲಿಡಿ. ತಣ್ಣಗಾದ ರಬ್ಬರು ಬಿಗಿಯಾಗುತ್ತದೆ, ಆಗ ಚಿಮುಟದ ತುದಿಯಿಂದ ಎಬ್ಬಿಸಿದರೆ ಬಹಳ ಮಟ್ಟಿಗೆ ಬಿಟ್ಟು ಬರುತ್ತದೆ. ಕಟ್ಟಿನ ಮೇಲಿನ ಮತ್ತು ಕೆಳಗಿನ ಚೀಟಿ ಹಾಳಾಗಿದ್ದರೂ ನಡುವಿನವು ಅಚ್ಚಿನಿಂದ ಬಂದಂತೆ ಇರುತ್ತವೆ. ಕಟ್ಟಿನ ಕ್ರಮ ಕಲಸಬೇಡಿ: ಒಂದು ಡಬ್ಬಿಯಲ್ಲಿ ಯಾವ ಚಿತ್ರ ಎಷ್ಟು ಬಾರಿ ಬರುತ್ತಿತ್ತು ಎಂಬುದಕ್ಕೆ ಅದೊಂದೇ ಸಾಕ್ಷಿ.

ಸಕ್ಕರೆ ಪುಡಿ, ಧೂಳಿಗೆ ಒಣ ಬ್ರಷ್ ಮಾತ್ರ. ನಡುವಿನಿಂದ ಅಂಚಿನ ಕಡೆಗೆ, ಒಂದೇ ದಿಕ್ಕಿನಲ್ಲಿ. ಒದ್ದೆ ಬಟ್ಟೆ, ಸ್ಯಾನಿಟೈಸರ್, ಪೆನ್ಸಿಲ್ ಅಳಿಸುವ ರಬ್ಬರು ಮೂರೂ ಬೇಡ. ಅಗ್ಗದ ಚೀಟಿಗಳ ಕೆಂಪು ಮತ್ತು ನೇರಳೆ ಬಣ್ಣ ನೀರು ಸೋಕಿದರೆ ಹಬ್ಬಬಹುದು, ಸ್ಯಾನಿಟೈಸರಿನ ಆಲ್ಕೋಹಾಲ್ ಅದಕ್ಕಿಂತ ಕೆಟ್ಟದ್ದು.

ಚಿಪ್ಸಿನ ಎಣ್ಣೆ ಹೀರಿದ ಚೀಟಿ ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಾಣುತ್ತದೆ. ಪೌಡರ್ ಹಾಕಿ ಎಣ್ಣೆ ತೆಗೆಯುವ ಉಪಾಯ ಹೊಸ ಕಲೆಗೆ ಸ್ವಲ್ಪ ನಡೆದೀತು. ಹತ್ತಾರು ವರ್ಷ ಹಳೆಯ ಎಣ್ಣೆ ಕಾಗದದ ನಾರಿನೊಳಗೇ ಗಟ್ಟಿಯಾಗಿರುತ್ತದೆ, ಪೌಡರ್ ಅದನ್ನು ಹೀರುವುದಿಲ್ಲ. ಇಂಥ ಚೀಟಿಯನ್ನು ಬೇರೆ ಚೀಟಿಗೆ ತಾಗದಂತೆ ಪ್ರತ್ಯೇಕ ಕವರಿನಲ್ಲಿಡಿ, ಅಷ್ಟು ಸಾಕು.

ನೋಟ್ ಬುಕ್ಕಿಗೆ ಅಂಟಿಸಿದ ಚೀಟಿಯ ಪ್ರಶ್ನೆ ಪದೇ ಪದೇ ಬರುತ್ತದೆ. ಮೊದಲು ಅಂಟು ಯಾವುದೆಂದು ನೋಡಿ. ಅನ್ನದ ಅಗುಳಿನಿಂದ ಅಂಟಿಸಿದ್ದರೆ ಹಿಂಬದಿಯಲ್ಲಿ ಗಟ್ಟಿ ಉಬ್ಬು ಕೈಗೆ ಸಿಗುತ್ತದೆ, ಅದರ ಸುತ್ತ ಹುಳು ಕೆರೆದ ಗುರುತೂ ಇರಬಹುದು. ಮೈದಾ ಅಂಟು ತೆಳ್ಳಗೆ, ಹಳದಿಯಾಗಿ, ಮಡಿಸಿದರೆ ಬಿರಿಯುವಂತಿರುತ್ತದೆ. ಫೆವಿಕಾಲ್ ಥರದ್ದಾದರೆ ರಬ್ಬರಿನಂತೆ ಬಾಗುವ ಪಾರದರ್ಶಕ ಪೊರೆ. ಮೊದಲೆರಡು ತೇವಕ್ಕೆ ಸಡಿಲವಾಗುತ್ತವೆ, ಮೂರನೆಯದು ಮನೆಯಲ್ಲಿ ಬಿಡಿಸುವಂಥದ್ದಲ್ಲ. ಆದರೆ ಸಡಿಲವಾಗುತ್ತದೆ ಎಂದು ಬಿಡಿಸಲು ಹೊರಡಬೇಡಿ. ನೋಟ್ ಬುಕ್ಕಿನ ಆ ಹಾಳೆಯನ್ನು ಇಡಿಯಾಗಿ ಉಳಿಸಿಕೊಳ್ಳಿ. ಹಾಳೆಯ ಮೇಲೆ ಮೇಷ್ಟ್ರ ರುಜು, ದಿನಾಂಕ ಇದ್ದರೆ ಕಾಲ ತಿಳಿಯಲು ಒಂದು ಆಧಾರ ಸಿಕ್ಕಿತು.

ಫ್ಲಿಪ್ ಬುಕ್ಕಿನ ಪಿನ್ನು ತುಕ್ಕು ಹಿಡಿದಿದ್ದರೆ ಹಿಡಿದು ಎಳೆಯಬಾರದು. ಹಿಂಬದಿಯಲ್ಲಿ ಮಡಿಸಿರುವ ಎರಡು ಕಾಲುಗಳ ಕೆಳಗೆ ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ ಕಾಗದವನ್ನು ಕಾಪಾಡಿಕೊಂಡು, ಮೊಂಡು ಚಾಕುವಿನಿಂದ ಕಾಲುಗಳನ್ನು ನೆಟ್ಟಗೆ ಮಾಡಿ, ಮುಂಬದಿಯಿಂದ ಮೆಲ್ಲಗೆ ಎತ್ತಿ. ತುಕ್ಕು ಬರೀ ಮೇಲ್ಮೈಯಲ್ಲಿದ್ದು ಕಾಗದಕ್ಕೆ ಇಳಿದಿಲ್ಲವಾದರೆ ಮುಟ್ಟದಿರುವುದೇ ಮೇಲು.

ತೆರೆಯದ ಪಾಕೆಟ್ಟು ಸಿಕ್ಕರೆ? ಹಾಗೇ ಇಟ್ಟರೆ ಬೆಲೆ ಜಾಸ್ತಿ ಎಂಬ ಮಾತಿದೆ. ಎಣ್ಣೆ ತಿಂಡಿಯ ಪಾಕೆಟ್ಟಿಗೆ ಅದನ್ನು ನಾವು ಒಪ್ಪುವುದಿಲ್ಲ. ಒಳಗಿನ ಎಣ್ಣೆ ಕಮಟಿ ಮೊದಲು ಚೀಟಿಯನ್ನೇ ತಿನ್ನುತ್ತದೆ. ಕೆಳಗಿನ ಅಂಚಿನ ಬೆಸುಗೆಯ ಗುಂಟ ಬ್ಲೇಡಿನಿಂದ ಸೀಳಿ, ಚೀಟಿ ತೆಗೆದು, ತಿಂಡಿಯನ್ನು ಬಿಸಾಡಿ. ನಾಯಿಗೂ ಹಾಕಬೇಡಿ. ಪಾಕೆಟ್ಟು ಪ್ಲಾಸ್ಟಿಕ್ ಪದರದ್ದಾದರೆ ಒಳಗನ್ನು ಒಣ ಹತ್ತಿಯಿಂದ, ಆಮೇಲೆ ಒಂದು ಹನಿ ಸೋಪಿನ ನೀರಿನಿಂದ ಒರೆಸಿ, ನೆರಳಲ್ಲಿ ಆರಿಸಿ ಚಪ್ಪಟೆಯಾಗಿಡಿ. ಮೇಣದ ಕಾಗದದ್ದಾದರೆ ನೀರು ಸೋಕಿಸಬಾರದು. ಬಬಲ್ ಗಮ್ ಪಾಕೆಟ್ಟನ್ನು ಮಾತ್ರ ಮುಚ್ಚಿದಂತೆಯೇ ಇಡಬಹುದು.

6. ಕಾಲ ಗುರುತಿಸುವುದು

ಇಲ್ಲೇ ಪಾಕೆಟ್ಟು ಕೆಲಸಕ್ಕೆ ಬರುವುದು. ಚೀಟಿಯ ಮೇಲೆ ಚಿತ್ರವಷ್ಟೇ ಇರುತ್ತದೆ. ಪಾಕೆಟ್ಟಿನ ಮೇಲೆ ಕಾನೂನು ಬರೆಸಿದ ಅಕ್ಷರಗಳಿರುತ್ತವೆ. ಭೂತಗನ್ನಡಿ ಹಿಡಿದು ಇವನ್ನು ಹುಡುಕಿ.

ಬೆಲೆ ‘ನಯಾ ಪೈಸೆ’ಯಲ್ಲಿದ್ದರೆ ಅದು 1957ರ ಏಪ್ರಿಲ್ ನಂತರದ್ದು, 1964ರ ಜೂನ್‌ನಲ್ಲಿ ‘ನಯಾ’ ಕೈಬಿಟ್ಟರು. ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. ‘ಬೆಂಗಳೂರು-2’ ಎಂಬಂಥ ಹಳೆಯ ಬಗೆಯ ವಿಳಾಸವಿದ್ದರೆ ಅದಕ್ಕೂ ಹಿಂದಿನದು ಎಂದು ತೀರ್ಮಾನಿಸಬೇಡಿ, ಪಿನ್ ಕೋಡ್ ಬಂದು ಎಷ್ಟೋ ವರ್ಷದ ಮೇಲೂ ಜನ ಹಾಗೇ ಬರೆಯುತ್ತಿದ್ದರು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕೆ ಮುಂಚಿನದು.

ತೂಕ, ಬೆಲೆ, ತಯಾರಾದ ತಿಂಗಳು ಮುದ್ರಿಸಬೇಕೆಂಬ ಪಾಕೆಟ್ಟಿನ ಸರಕುಗಳ ನಿಯಮ ಬಂದದ್ದು 1977ರಲ್ಲಿ. ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಎಂದಿದ್ದರೆ ಸಾಮಾನ್ಯವಾಗಿ 1990ಕ್ಕೆ ಮುಂಚಿನದು. ‘ಎಲ್ಲ ತೆರಿಗೆ ಸೇರಿ ಗರಿಷ್ಠ ಮಾರಾಟ ಬೆಲೆ’, ಅಂದರೆ ನಾವೆಲ್ಲ ಎಂ.ಆರ್.ಪಿ. ಅನ್ನುವುದು, ಆಮೇಲಿನದು. 890 ರಿಂದ ಶುರುವಾಗುವ ಬಾರ್ ಕೋಡ್ 1990ರ ದಶಕದ ಕೊನೆಯ ಭಾಗದಿಂದ ಈಚೆಗೆ. ಚೌಕದೊಳಗಿನ ಹಸಿರು ಚುಕ್ಕಿ 2000ದ ದಶಕದ ಮೊದಲ ವರ್ಷಗಳಿಂದ. ಈಗಿನ ರೂಪಾಯಿ ಚಿಹ್ನೆ 2010ರ ಜುಲೈ ನಂತರ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಕಂಡರೆ 2011ರಿಂದ ಈಚಿನದು, ‘ಹಳೇದು’ ಎಂದು ಹೆಚ್ಚು ದುಡ್ಡು ಕೊಡಬೇಡಿ. ಊರ ಹೆಸರೂ ಗುರುತೇ: ಬಾಂಬೆ 1995ರವರೆಗೆ, ಮದ್ರಾಸ್ 1996ರವರೆಗೆ, ಕ್ಯಾಲ್ಕಟ್ಟಾ 2001ರವರೆಗೆ. ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮೂರು ‘ಮೈಸೂರು’ ಎಂದೇ ಕಾಣಿಸಿಕೊಂಡದ್ದು ಅಧಿಕೃತವಾಗಿ 2014ರ ನವೆಂಬರ್ 1ರಿಂದ; ಅದಕ್ಕೆ ಮುಂಚೆ ‘ಮೈಸೋರ್’.

ಒಂದು ಎಚ್ಚರಿಕೆ. ಸಣ್ಣ ತಯಾರಕರು ಒಮ್ಮೆಗೇ ವರ್ಷಕ್ಕಾಗುವಷ್ಟು ಪಾಕೆಟ್ಟು ಅಚ್ಚು ಹಾಕಿಸಿ, ಮುಗಿಯುವ ತನಕ ಬಳಸುತ್ತಾರೆ. ಹಾಗಾಗಿ ಹೊಸ ಗುರುತು ‘ಇದಕ್ಕಿಂತ ಹಿಂದಿನದಲ್ಲ’ ಎಂದು ಖಚಿತವಾಗಿ ಹೇಳುತ್ತದೆ. ಹಳೆಯ ಗುರುತು ‘ಇದಕ್ಕಿಂತ ಈಚಿನದಲ್ಲ’ ಎಂದು ಅಷ್ಟು ಖಚಿತವಾಗಿ ಹೇಳುವುದಿಲ್ಲ. ಗೊಂಬೆಗೆ ಸುತ್ತಿದ ಪತ್ರಿಕೆಯ ತಾರೀಖಿಗೂ ಇದೇ ಮಾತು: ಆ ತಾರೀಖಿನ ಬಳಿಕ ಯಾವಾಗಲೋ ಸುತ್ತಿದ್ದಾರೆ ಅಂತ ಮಾತ್ರ ಗೊತ್ತಾಗುತ್ತದೆ. ಪ್ರತಿ ವರ್ಷ ಬಿಚ್ಚಿ ಕಟ್ಟುವ ಸಾಮಾನು ಅದು.

ಪಾಕೆಟ್ಟೇ ಇಲ್ಲದಿದ್ದರೆ ಚಿತ್ರದಲ್ಲಿ ಹುಡುಕಬೇಕು. ಕುಸ್ತಿಪಟುಗಳ ಚೀಟಿಯಲ್ಲಿ ಡಬ್ಲ್ಯು.ಡಬ್ಲ್ಯು.ಎಫ್. ಎಂದಿದ್ದರೆ 2002ರ ಮೇಗೆ ಮುಂಚಿನದಾಗಿರಬೇಕು. ಆಮೇಲೆ ಸಂಸ್ಥೆಯ ಹೆಸರು ಡಬ್ಲ್ಯು.ಡಬ್ಲ್ಯು.ಇ. ಆಯಿತು. ಆದರೆ ಅನುಮತಿ ಇಲ್ಲದೆ ಅಚ್ಚು ಹಾಕಿದ ಚೀಟಿಗಳಲ್ಲಿ ಹಳೆಯ ಹೆಸರೇ ಮುಂದುವರಿದಿರಬಹುದು. ಕ್ರಿಕೆಟಿಗರು ಬಣ್ಣದ ಉಡುಪಿನಲ್ಲಿದ್ದರೆ ಕೂಡಲೇ 1992ರ ವಿಶ್ವಕಪ್ ಎನ್ನಬೇಡಿ, 1985ರಲ್ಲೇ ಆಸ್ಟ್ರೇಲಿಯಾದಲ್ಲಿ ಭಾರತ ಬಣ್ಣದ ಉಡುಪಿನಲ್ಲಿ ಆಡಿತ್ತು. ವಿಶ್ವಕಪ್ ಉಡುಪಿನ ಬೆನ್ನಿನ ಮೇಲೆ ಆಟಗಾರನ ಸಂಖ್ಯೆ ಇದ್ದರೆ 1999 ಅಥವಾ ಈಚೆಗೆ. ನಮ್ಮೂರಿನ ಜಾವಗಲ್ ಶ್ರೀನಾಥ್ ಭಾರತ ತಂಡಕ್ಕೆ ಬಂದದ್ದು 1991ರಲ್ಲಿ, ಅವರು ಭಾರತದ ಆಟಗಾರನಾಗಿ ಕಾಣುವ ಚೀಟಿ ಅದಕ್ಕಿಂತ ಹಿಂದಿನದಾಗಲಾರದು. ಅದು ಕೈಗೆ ಬಂದರೆ ಮೈಸೂರಿನವರು ಬದಲಿಗೆ ಕೊಡುವುದಿಲ್ಲ, ಕೇಳಿ ಪ್ರಯೋಜನವಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಕೃತಿಸ್ವಾಮ್ಯದ ಇಸವಿಯಲ್ಲಿ, ಅಂದರೆ ವೃತ್ತದೊಳಗೆ ‘ಸಿ’ ಹಾಕಿ ಬರೆದ ವರ್ಷದಲ್ಲಿ. ಅದು ಆ ಪಾತ್ರದ ಹಕ್ಕು ಶುರುವಾದ ವರ್ಷ, ಚೀಟಿ ಅಚ್ಚಾದ ವರ್ಷವಲ್ಲ. ಪೋಕೆಮಾನ್ ಸರಕಿನ ಮೇಲೆ 1995 ಎಂದಿರುತ್ತದೆ, ಆದರೆ ನಮ್ಮ ಟಿ.ವಿ.ಯಲ್ಲಿ ಆ ಕಾರ್ಟೂನ್ ಬಂದದ್ದು 2000 ದಾಟಿದ ಮೇಲೆ. ‘1995ರ ಟ್ಯಾಜೊ’ ಎಂದು ಮಾರುವವರು ಮೋಸ ಮಾಡುತ್ತಿದ್ದಾರೆ ಎನ್ನಲಾಗದು, ಅವರೂ ಆ ಅಂಕಿಯನ್ನೇ ಓದಿರುತ್ತಾರೆ.

7. ನಕಲು ಹಿಡಿಯುವುದು

ಮೊದಲು ಅಕ್ಷರ ನೋಡಿ, ಚಿತ್ರವನ್ನಲ್ಲ. ಮೂಲ ಮುದ್ರಣದಲ್ಲಿ ಕಪ್ಪು ಅಕ್ಷರದ ಅಂಚು ಭೂತಗನ್ನಡಿಯಲ್ಲಿ ಗಟ್ಟಿ ಗೆರೆಯಾಗಿ ಕಾಣುತ್ತದೆ. ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದ್ದರೆ ಅಕ್ಷರವೂ ಬಣ್ಣಬಣ್ಣದ ಚುಕ್ಕಿಗಳಾಗಿ ಒಡೆದಿರುತ್ತದೆ. ಆಮೇಲೆ ಚಿತ್ರ: ಆಫ್‌ಸೆಟ್ ಮುದ್ರಣದಲ್ಲಿ ನಾಲ್ಕು ಬಣ್ಣದ ಚುಕ್ಕಿಗಳು ಕ್ರಮವಾಗಿ, ಪುಟ್ಟ ಹೂವಿನ ಆಕಾರದಲ್ಲಿ ಕೂತಿರುತ್ತವೆ. ಇಂಕ್‌ಜೆಟ್ ಆದರೆ ಕ್ರಮವಿಲ್ಲದೆ ಚೆಲ್ಲಿದಂತೆ, ಲೇಸರ್ ಆದರೆ ಶಾಯಿ ಮಿರುಗುತ್ತಾ ಕಾಗದದ ಮೇಲೆ ಎದ್ದು ನಿಂತಂತೆ ಕಾಣುತ್ತದೆ.

ಕಾಫಿ ಡಿಕಾಕ್ಷನ್ನಿನಲ್ಲೋ ಟೀಯಲ್ಲೋ ಅದ್ದಿ ಹಳೆಯದು ಮಾಡಿದ ಚೀಟಿ ಎಲ್ಲೆಡೆ ಒಂದೇ ಸಮ ಕಂದಾಗಿರುತ್ತದೆ. ನಿಜವಾದ ಹಳದಿ ಅಂಚಿನಿಂದ ಒಳಗೆ ನಡೆಯುತ್ತದೆ, ಗಾಳಿ–ಬೆಳಕು ಮೊದಲು ತಾಗುವುದು ಅಲ್ಲಿಗೇ. ಯು.ವಿ. ಟಾರ್ಚಿನಲ್ಲಿ ನೀಲಿಯಾಗಿ ಹೊಳೆದರೆ ನಕಲಿ ಎಂಬ ಮಾತು ಓಡಾಡುತ್ತಿದೆ. ಹೊಳೆಯುವುದು ಕಾಗದವನ್ನು ಬೆಳ್ಳಗಾಗಿಸಲು ಹಾಕುವ ರಾಸಾಯನಿಕ. ಅದು ಬಳಕೆಗೆ ಬಂದದ್ದು ಹಿಂದಿನ ಶತಮಾನದ ನಡುಭಾಗದಲ್ಲಿ. 1914ರದು ಎಂದು ಹೇಳುವ ಚೀಟಿ ಹೊಳೆದರೆ ಅದು ನಕಲಿಯೇ, 1990ರ ಚೀಟಿ ಹೊಳೆದರೆ ಅದರಿಂದ ಏನೂ ಸಾಬೀತಾಗದು.

ವಿದೇಶಿ ಸರಕಿಗೆ ಆಸೆಪಡುವವರಿಗೆ: ಕ್ರ್ಯಾಕರ್ ಜ್ಯಾಕ್‌ನ ಬೇಸ್‌ಬಾಲ್ ಚೀಟಿಗಳು ಬೆಲೆಬಾಳುವಂಥವು, ಮರುಮುದ್ರಣವೂ ಹೇರಳ. 1914ರ ಸರಣಿಯಲ್ಲಿ 144, 1915ರದರಲ್ಲಿ 176. 1915ರ ಚೀಟಿಯನ್ನು ಪುಸ್ತಕದ ಹಾಳೆಯಂತೆ ಮಗುಚಿದರೆ ಹಿಂಬದಿಯ ಬರಹ ತಲೆಕೆಳಗಾಗಿರುತ್ತದೆ. 1914ರವು ಪೆಟ್ಟಿಗೆಯೊಳಗೆ ಮಾತ್ರ ಸಿಗುತ್ತಿದ್ದರಿಂದ ಪಾಕದ ಕಲೆ ಇಲ್ಲದವು ಕಡಿಮೆ; 1915ರಲ್ಲಿ ಪೂರ್ತಿ ಸರಣಿಯನ್ನು ಅಂಚೆಯಲ್ಲೂ ಕಳಿಸುತ್ತಿದ್ದರು. ಕಲೆಯೇ ಇಲ್ಲದ 1914ರ ಚೀಟಿಯನ್ನು ಅಗ್ಗಕ್ಕೆ ಕೊಡುತ್ತೇವೆಂದರೆ ದುಡ್ಡು ಕಳಿಸಬೇಡಿ.

8. ಇಡುವುದು

63 × 88 ಮಿ.ಮೀ. ಅಳತೆಯ ಚೀಟಿಗೆ ಒಂಬತ್ತು ಕಿಸೆಯ ಹಾಳೆ ಸರಿಹೋಗುತ್ತದೆ. ನಮ್ಮ ಬಬಲ್ ಗಮ್ ಚೀಟಿಗಳು ಇದಕ್ಕಿಂತ ಚಿಕ್ಕವು, ಕಿಸೆಯಲ್ಲಿ ಜಾರಿ ಮೂಲೆ ಮಡಚಿಕೊಳ್ಳುತ್ತವೆ. ಆಮ್ಲರಹಿತ ಕಾಗದವನ್ನು ಕಿಸೆಯ ಅಳತೆಗೆ ಕತ್ತರಿಸಿ ಹಿಂದೆ ಆಧಾರ ಕೊಡಿ. ಅಂಗಡಿಯ ಸಾದಾ ಬಟರ್ ಪೇಪರ್ ಆಮ್ಲರಹಿತವಾಗಿರುತ್ತದೆಂಬ ಖಾತ್ರಿ ಇಲ್ಲ. ಒಂದು ಕಿಸೆಗೆ ಒಂದೇ ಚೀಟಿ. ಬೆನ್ನಿಗೆ ಬೆನ್ನು ಹಾಕಿ ಎರಡು ತುರುಕಿದರೆ ಮಳೆಗಾಲದಲ್ಲಿ ಶಾಯಿಗಳು ಒಂದಕ್ಕೊಂದು ಹತ್ತುತ್ತವೆ. ಹಚ್ಚೆ ಚೀಟಿಗಳು ಎಲ್ಲಕ್ಕಿಂತ ನಾಜೂಕು. ಅವುಗಳ ಮೇಲ್ಪದರವೇ ಅಂಟು, ಬೆರಳಿನ ಬೆವರು ಸಾಕು ಕೆಡಲು.

ಡಬ್ಬಿಯ ಒಳಗೆ ತೇವಾಂಶ 40 ರಿಂದ 55 ಶೇಕಡಾ ಇರಲಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾಪಕವನ್ನು ವಾರಕ್ಕೊಮ್ಮೆ ನೋಡಿ. 65 ದಾಟಿ ನಿಂತರೆ ಬೂಷ್ಟು ಬರುವ ದಾರಿ ತೆರೆದಂತೆ. ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ತೇವ ಕುಡಿದಾಗ ಹಸಿರಾಗುತ್ತದೆ. ಬಟ್ಟಲಿಗೆ ಸುರಿದು 110–120 ಡಿಗ್ರಿ ಶಾಖದ ಓವನ್ನಿನಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆಯಾಗುತ್ತದೆ. ಪೂರ್ತಿ ಆರಿದ ಮೇಲೇ ಪೊಟ್ಟಣಕ್ಕೆ ತುಂಬಿ. ಡಬ್ಬಿಯನ್ನು ಅಟ್ಟದಲ್ಲೂ ಹೊರಗೋಡೆಗೆ ಅಂಟಿದ ಬೀರುವಿನಲ್ಲೂ ಇಡಬೇಡಿ. ಅಟ್ಟದಲ್ಲಿ ಬೇಸಿಗೆಯ ಕಾವು, ಹೊರಗೋಡೆಯಲ್ಲಿ ಮಳೆಯ ಥಂಡಿ. ನಡುಮನೆಯ ಒಳಗೋಡೆಯ ಕಪಾಟು, ನೆಲದಿಂದ ಒಂದಡಿ ಮೇಲೆ, ಸರಿಯಾದ ಜಾಗ. ಚೌಕಟ್ಟು ಹಾಕಿ ಗೋಡೆಗೆ ತೂಗಬೇಕೆಂದರೆ ಸ್ಕ್ಯಾನ್ ಮಾಡಿದ ಪ್ರತಿ ತೂಗಿ, ಮೂಲ ಡಬ್ಬಿಯಲ್ಲೇ ಇರಲಿ.

ಹರಿದದ್ದಕ್ಕೆ ಸೆಲ್ಲೋಟೇಪ್ ಹಾಕಬಾರದು. ಅದರ ಅಂಟು ಕೆಲವು ವರ್ಷಗಳಲ್ಲಿ ಕಂದಾಗಿ ಕಾಗದದೊಳಗೆ ಇಳಿಯುತ್ತದೆ, ಟೇಪು ಉದುರಿದರೂ ಕಲೆ ಉಳಿಯುತ್ತದೆ. ಎರಡು ತುಂಡನ್ನು ಒಂದೇ ಕಿಸೆಯಲ್ಲಿ ಜೋಡಿಸಿಟ್ಟರೆ ಸಾಕು.

9. ಸ್ಕ್ಯಾನ್, ಅದಲುಬದಲು, ಬೆಲೆ

600 ಡಿ.ಪಿ.ಐ.ನಲ್ಲಿ, ಅಂದರೆ ಒಂದು ಇಂಚಿಗೆ 600 ಚುಕ್ಕಿಯ ಸೂಕ್ಷ್ಮತೆಯಲ್ಲಿ, ಎರಡೂ ಬದಿ ಸ್ಕ್ಯಾನ್ ಮಾಡಿ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಹಾಳೆ ತಾನಾಗಿ ಎಳೆದುಕೊಳ್ಳುವ ಸ್ಕ್ಯಾನರಿಗೆ ಹಾಕಬೇಡಿ, ಗಾಜಿನ ಮೇಲೆ ಇಡುವಂಥದ್ದೇ ಆಗಬೇಕು. ಕಡತದ ಹೆಸರಿನಲ್ಲಿ ತಿಂಡಿಯ ಹೆಸರು, ಚೀಟಿ ಸಂಖ್ಯೆ, ಸಿಕ್ಕ ಊರು ಬರಲಿ.

ಬೆಲೆಯ ವಿಷಯ ಚುಟುಕಾಗಿ: ಅಂತರ್ಜಾಲದಲ್ಲಿ ಮಾರುವವರು ಕೇಳುವ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ನಿಜವಾಗಿ ಮಾರಾಟವಾದ ಬೆಲೆ ಎಷ್ಟೆಂದು ಹುಡುಕಿ. ಬಿಡಿ ಚೀಟಿಗಿಂತ ಕಟ್ಟನ್ನು ಕೊಳ್ಳಿ. ಒಂದೇ ಚಿತ್ರ ನಾಲ್ಕಾರು ಬಂದರೆ ಅವೇ ನಿಮ್ಮ ಅದಲುಬದಲಿನ ಬಂಡವಾಳ. ಅದಲುಬದಲು ಮಾಡುವಾಗ ಮೂಲೆ ಮಡಿಕೆ, ಎಣ್ಣೆ ಕಲೆ, ಹಿಂಬದಿಯ ಬರಹ ಎಲ್ಲವನ್ನೂ ಮೊದಲೇ ಫೋಟೊದಲ್ಲಿ ತೋರಿಸಿ. ಅಂಚೆಯಲ್ಲಿ ಕಳಿಸುವುದಾದರೆ ಚೀಟಿಯನ್ನು ಪಾಲಿಪ್ರೊಪಿಲೀನ್ ಕವರಿಗೆ ಹಾಕಿ, ಅದಕ್ಕಿಂತ ಎರಡು ಸೆಂ.ಮೀ. ದೊಡ್ಡದಾದ ಎರಡು ರಟ್ಟಿನ ನಡುವೆ ಇಟ್ಟು, ಟೇಪನ್ನು ರಟ್ಟಿಗೆ ಮಾತ್ರ ಸುತ್ತಿ. ಟೇಪಿನ ತುದಿಯನ್ನು ಮಡಿಸಿ ಬಿಡಿ. ಇಲ್ಲದಿದ್ದರೆ ತೆಗೆದುಕೊಂಡವರು ಬ್ಲೇಡು ಹಾಕಿ ಬಿಚ್ಚಲು ಹೋಗಿ ಚೀಟಿಯನ್ನೇ ಕೊಯ್ಯುತ್ತಾರೆ.